ಹಗ್ಗ ಕಟ್ಟಿಕೊಂಡ ಗುರುಗಳು

ವಯಸ್ಸು ಬಂದ ಮೇಲೆ ಹೊಸದೊಂದನ್ನು ಕಲಿಯಲು ಹೊರಟು, ನಾಚಿಕೆಯಿಂದ ಅರ್ಧಕ್ಕೇ ಬಿಟ್ಟುಬಿಟ್ಟ ಅನುಭವ ನಿಮಗಿದೆಯೇ? ಮಗನಿಗೆ ಈಜು ಕಲಿಸುವ ನೆಪದಲ್ಲಿ ತಾನೂ ನೀರಿಗಿಳಿದು, ಎದೆಮಟ್ಟದ ನೀರಿನಲ್ಲೇ ಕಂಗಾಲಾಗಿ ದಡ ಸೇರಿದ ತಂದೆಯನ್ನು ನೀವು ನೋಡಿರಬಹುದು. ಒಮ್ಮೆ ಸೈಕಲ್ಲಿನಿಂದ ಬಿದ್ದು ಮತ್ತೆಂದೂ ಅದನ್ನು ಮುಟ್ಟದ ತಾಯಿಯನ್ನೂ ನೋಡಿರಬಹುದು. ಮಕ್ಕಳು ಬೀಳುತ್ತಾರೆ, ಅಳುತ್ತಾರೆ, ಎದ್ದು ಓಡುತ್ತಾರೆ. ದೊಡ್ಡವರಿಗಾದರೋ ಬಿದ್ದ ನೋವಿಗಿಂತ ಬಿದ್ದದ್ದನ್ನು ನಾಲ್ಕು ಜನ ನೋಡಿದರಲ್ಲಾ ಎಂಬ ನೋವೇ ಹೆಚ್ಚು.

ಇಂದು ನಿಮ್ಮ ಮುಂದಿಡುವುದು, ಮೂರು ವಿಷಯಗಳಲ್ಲಿ ಡಾಕ್ಟರೇಟ್ ಪಡೆದು ಗುರುಮಠದಲ್ಲಿ ಪ್ರಾಧ್ಯಾಪಕರಾಗಿದ್ದರೂ, ಸೊಂಟಕ್ಕೆ ಹಗ್ಗ ಬಿಗಿದು, ಹಳ್ಳಿಯ ಮಾರ್ಗದರ್ಶಿಯೊಬ್ಬನ ಹಿಂದೆ ಬಂಡೆ ಹತ್ತಲು ಕಲಿತ ಒಬ್ಬ ಗುರುಗಳ ಬಾಳಕಥೆ. ಅವರ ಹೆಸರು ಅಕಿಲ್ಲೆ ರಾತ್ತಿ. ಈ ಹೆಸರಿನಿಂದ ನಿಮಗೆ ಅವರ ಗುರುತು ಸಿಗಲಾರದು. ಆದರೆ ನೀವು ವರ್ಷ ವರ್ಷವೂ ಆಚರಿಸುವ ಕ್ರಿಸ್ತರಾಜರ ಹಬ್ಬವನ್ನು 1925ರಲ್ಲಿ ಧರ್ಮಸಭೆಗೆ ಕೊಟ್ಟವರು ಅವರೇ: ಜಗದ್ಗುರು ಹನ್ನೊಂದನೆಯ ಪಯಸ್.

ಅಕಿಲ್ಲೆ ಹುಟ್ಟಿದ್ದು 1857ರ ಮೇ 31ರಂದು, ಉತ್ತರ ಇಟಲಿಯ ಮಿಲಾನ್ ಬಳಿಯ ದೇಸಿಯೊ ಎಂಬ ಊರಿನಲ್ಲಿ. ತಂದೆ ರೇಷ್ಮೆ ಗಿರಣಿಯೊಂದರ ವ್ಯವಸ್ಥಾಪಕ. ಬಾಲಕನ ಬೇಸಿಗೆ ರಜೆಗಳು ಗುರುಗಳಾಗಿದ್ದ ಒಬ್ಬ ಚಿಕ್ಕಪ್ಪನ ಮನೆಯಲ್ಲಿ, ಗುಡ್ಡಗಾಡಿನ ನಡುವೆ ಕಳೆಯುತ್ತಿದ್ದವು. ಆಕಾಶ ತಿಳಿಯಾಗಿರುವ ದಿನ ಮಿಲಾನ್ ನಗರದಿಂದಲೇ ಆಲ್ಪ್ಸ್ ಪರ್ವತಸಾಲು, ಅದರಲ್ಲೂ ಮೊಂತೆ ರೋಸಾ ಎಂಬ ಮಹಾಶಿಖರ ಬೆಳ್ಳಗೆ ಹೊಳೆಯುವುದು ಕಾಣುತ್ತದೆ. ಗುರುಮಠಕ್ಕೆ ಸೇರಿ, 1879ರ ಡಿಸೆಂಬರ್ 20ರಂದು ರೋಮಿನಲ್ಲಿ ಗುರುದೀಕ್ಷೆ ಪಡೆದು, ತತ್ತ್ವಶಾಸ್ತ್ರ, ದೈವಶಾಸ್ತ್ರ, ಧರ್ಮಸಭೆಯ ಕಾನೂನು ಈ ಮೂರರಲ್ಲೂ ಡಾಕ್ಟರೇಟ್ ಗಳಿಸಿ, ಮಿಲಾನಿನ ಗುರುಮಠದಲ್ಲಿ ಪಾಠ ಹೇಳುತ್ತಿದ್ದಾಗಲೂ ಆ ಶಿಖರ ಅಲ್ಲೇ ಇತ್ತು. 1888ರಲ್ಲಿ ಅವರು ಮಿಲಾನಿನ ಅಂಬ್ರೋಸಿಯನ್ ಗ್ರಂಥಾಲಯದ ವಿದ್ವಾಂಸರ ಬಳಗ ಸೇರಿದರು. ಹಳೆಯ ಹಸ್ತಪ್ರತಿಗಳ ನಡುವೆ, ಧೂಳು ಮತ್ತು ಮೌನದ ನಡುವೆ ಅವರ ದಿನಗಳು ಸಾಗಿದವು.

ಮೂವತ್ತು ತುಂಬುವುದಕ್ಕೆ ಸ್ವಲ್ಪ ಮೊದಲು, ಸುಮಾರು 1885ರಿಂದ, ಈ ಪ್ರಾಧ್ಯಾಪಕರು ನಿಜವಾದ ಪರ್ವತಾರೋಹಣಕ್ಕೆ ಕೈಹಾಕಿದರು. ಆ ಕಾಲದಲ್ಲಿ ಅದು ಹೇಗಿತ್ತೆಂದು ನೀವು ಊಹಿಸಿಕೊಳ್ಳಬೇಕು. ತಲೆಗೆ ಹೆಲ್ಮೆಟ್ ಇಲ್ಲ, ನೈಲಾನ್ ಹಗ್ಗವಿಲ್ಲ. ನಾರಿನ ಹಗ್ಗವನ್ನು ಸೊಂಟಕ್ಕೆ ಸುತ್ತಿ ಗಂಟು ಹಾಕುವುದು. ಅಡಿಗೆ ಮೊಳೆ ಹೊಡೆದ ಬೂಟು. ಕೈಯಲ್ಲಿ ಉದ್ದ ಹಿಡಿಯ ಕೊಡಲಿ. ಮಂಜುಗಡ್ಡೆಯ ಇಳಿಜಾರು ಬಂದಾಗ ಮುಂದಿರುವ ಮಾರ್ಗದರ್ಶಿ ಕೊಡಲಿಯಿಂದ ಒಂದೊಂದೇ ಮೆಟ್ಟಿಲು ಕಡಿಯುತ್ತಾನೆ. ಹಿಂದಿನವರು ಅದೇ ಮೆಟ್ಟಿಲಲ್ಲಿ ಕಾಲಿಡುತ್ತಾರೆ.

ಬಂಡೆಗೆ ಬಂದಾಗ ಹೊಸಬನು ಮಾಡುವ ತಪ್ಪು ಒಂದೇ ಬಗೆಯದು. ಭಯದಿಂದ ಕೈಗಳಿಂದಲೇ ದೇಹವನ್ನು ಮೇಲೆಳೆಯಲು ನೋಡುತ್ತಾನೆ, ಬಂಡೆಗೆ ಎದೆ ಒತ್ತಿ ತಬ್ಬಿಕೊಳ್ಳುತ್ತಾನೆ. ತಬ್ಬಿದಷ್ಟೂ ಕಾಲು ಜಾರುತ್ತದೆ, ಮುಂದಿನ ಹೆಜ್ಜೆ ಎಲ್ಲೆಂದು ಕಾಣುವುದಿಲ್ಲ, ತೋಳುಗಳು ಬೇಗನೆ ಸೋಲುತ್ತವೆ. ಬಲ್ಲವನು ದೇಹವನ್ನು ಬಂಡೆಯಿಂದ ತುಸು ದೂರವಿಟ್ಟು, ಭಾರವನ್ನು ಕಾಲಿನ ಮೇಲೆ ಬಿಡುತ್ತಾನೆ. ಎರಡು ಕೈ, ಎರಡು ಕಾಲುಗಳಲ್ಲಿ ಮೂರನ್ನು ಭದ್ರವಾಗಿ ಊರಿ, ಒಂದನ್ನು ಮಾತ್ರ ಸರಿಸುತ್ತಾನೆ. ಹಿಡಿತವನ್ನು ಮೊದಲು ಪರೀಕ್ಷಿಸಿ, ಆಮೇಲೆ ನಂಬುತ್ತಾನೆ.

ಮತ್ತೊಂದು ಸಂಗತಿ ಹಗ್ಗದ್ದು. ಒಂದೇ ಹಗ್ಗಕ್ಕೆ ನಾಲ್ವರು ಕಟ್ಟಿಕೊಂಡರೆ ಒಬ್ಬನ ಜಾರುವಿಕೆ ನಾಲ್ವರದ್ದಾಗುತ್ತದೆ, ಒಬ್ಬನ ಗಟ್ಟಿತನವೂ ನಾಲ್ವರದ್ದಾಗುತ್ತದೆ. 1865ರಲ್ಲಿ ಮ್ಯಾಟರ್‌ಹಾರ್ನ್ ಶಿಖರವನ್ನು ಮೊದಲ ಸಲ ಏರಿದ ಏಳು ಜನರಲ್ಲಿ ನಾಲ್ವರು ಇಳಿಯುವಾಗ ಸತ್ತದ್ದು ಹೀಗೆಯೇ: ಅನುಭವವಿಲ್ಲದ ಒಬ್ಬ ಯುವಕ ಜಾರಿದ, ಅವನೊಂದಿಗೆ ಮೂವರು ಹೋದರು, ಅಷ್ಟರಲ್ಲಿ ಹಗ್ಗ ತುಂಡಾಯಿತು.

ಇಂಥ ಹಗ್ಗಕ್ಕೆ ರಾತ್ತಿಯವರು ತಮ್ಮನ್ನು ಕಟ್ಟಿಕೊಂಡರು. ಜೊತೆಗಾರರು ಮಿಲಾನಿನ ಇನ್ನೊಬ್ಬ ಗುರುಗಳಾದ ಲುಯಿಜಿ ಗ್ರಾಸೆಲ್ಲಿ. ಮಾರ್ಗದರ್ಶಿಗಳು ಆಲ್ಪ್ಸ್ ತಪ್ಪಲಿನ ಕುರ್ಮಯೇರ್ ಊರಿನ ಜುಸೆಪ್ಪೆ ಗಾದಿನ್ ಮತ್ತು ಅಲೆಸಿಯೊ ಪ್ರೊಮೆಂಟ್. ಪಾಠಪೀಠದ ಮೇಲೆ ನಿಂತಾಗ ರಾತ್ತಿಯವರ ಮಾತನ್ನು ಇತರರು ಕೇಳಬೇಕಿತ್ತು. ಬಂಡೆಯ ಮೇಲೆ ಅವರು ಗಾದಿನ್ ಹೇಳಿದ ಕಡೆ ಕಾಲಿಡಬೇಕಿತ್ತು. ಡಾಕ್ಟರೇಟುಗಳು ಅಲ್ಲಿ ಲೆಕ್ಕಕ್ಕಿಲ್ಲ.

1889ರ ಜುಲೈ 29ರಂದು ಈ ನಾಲ್ವರು ಮಕುನ್ಯಾಗ ಎಂಬ ಹಳ್ಳಿಯಿಂದ ಹೊರಟರು. ಅವರ ಮುಂದಿದ್ದುದು ಮೊಂತೆ ರೋಸಾದ ಪೂರ್ವದ ಗೋಡೆ. ಸುಮಾರು 2,400 ಮೀಟರ್ ಎತ್ತರದ, ಆಲ್ಪ್ಸ್‌ನಲ್ಲೇ ಅತಿ ದೊಡ್ಡದೆನ್ನಲಾಗುವ ಹಿಮದ ಗೋಡೆ ಅದು. 1872ರಲ್ಲಿ ಇಂಗ್ಲಿಷರ ತಂಡವನ್ನು ಮೊದಲ ಬಾರಿ ಅಲ್ಲಿ ಹತ್ತಿಸಿದ್ದ ಫರ್ಡಿನಾಂಡ್ ಇಮ್ಸೆಂಗ್ ಎಂಬ ಮಾರ್ಗದರ್ಶಿ, 1881ರಲ್ಲಿ ದಮಿಯಾನೊ ಮರಿನೆಲ್ಲಿ ಎಂಬವರೊಡನೆ ಅಲ್ಲಿಯೇ ಹಿಮಕುಸಿತಕ್ಕೆ ಸಿಕ್ಕಿ ಸತ್ತಿದ್ದ. ಮರಿನೆಲ್ಲಿಯ ಹೆಸರಿನ ಗುಡಿಸಲೊಂದು ದಾರಿಯಲ್ಲಿದೆ. ನಮ್ಮ ನಾಲ್ವರು ಅಲ್ಲಿ ಕೆಲವೇ ತಾಸು ಮಲಗಿ, ನಡುರಾತ್ರಿ ಕಳೆದೊಡನೆ ಹೊರಟರು. ಯಾಕೆ ರಾತ್ರಿ? ಸೂರ್ಯ ಬಂದರೆ ಹಿಮ ಸಡಿಲಾಗಿ ಕಲ್ಲು ಮತ್ತು ಮಂಜುಗಡ್ಡೆ ಕೆಳಗೆ ಸುರಿಯತೊಡಗುತ್ತದೆ. ಆ ಅಪಾಯದ ಕಣಿವೆಯನ್ನು ಕತ್ತಲಿರುವಾಗಲೇ ದಾಟಬೇಕು.

ಅಂದು ಇಡೀ ದಿನ ಅವರು ಹತ್ತಿದರು. ಮೇಲೆ ಬಂದಂತೆಲ್ಲ ದಾರಿ ನಿಧಾನವಾಯಿತು. ಶಿಖರದ ಸನಿಹ ಬಂದಾಗ ಸಂಜೆಯಾಗಿತ್ತು. ಕತ್ತಲಲ್ಲಿ ಇಳಿಯುವುದು ಸಾವಿಗೆ ಆಹ್ವಾನ. ಆದ್ದರಿಂದ 4,600 ಮೀಟರಿನ ಆಸುಪಾಸಿನಲ್ಲಿ ಒಂದು ಕಿರಿದಾದ ಬಂಡೆಯ ಚಾಚಿನ ಮೇಲೆ, ಆಕಾಶವೇ ಚಾವಣಿಯಾಗಿ, ರಾತ್ರಿ ಕಳೆಯಲು ನಿರ್ಧರಿಸಿದರು. ಕೆಳಗೆ ಪ್ರಪಾತ. ಮಲಗಲು ಜಾಗವಿಲ್ಲ, ಮಲಗುವಂತೆಯೂ ಇಲ್ಲ. ಆ ಚಳಿಯಲ್ಲಿ ನಿದ್ದೆ ಹೋದವನು ಎದ್ದೇಳುವುದು ಕಷ್ಟ. ತಂದಿದ್ದ ಕಾಫಿ ಹೆಪ್ಪುಗಟ್ಟಿತು. ನಿಂತಲ್ಲೇ ಕಾಲು ಕುಟ್ಟುತ್ತಾ, ಒಬ್ಬರನ್ನೊಬ್ಬರು ಎಚ್ಚರಿಸುತ್ತಾ, ಹಗ್ಗ ಬಿಚ್ಚದೆ ಬೆಳಗಿಗಾಗಿ ಕಾದರು. ದೂರದಲ್ಲೆಲ್ಲೋ ಹಿಮಕುಸಿತದ ಗುಡುಗು ಕೇಳಿಸುತ್ತಿತ್ತು.

ಆ ರಾತ್ರಿಯನ್ನು ರಾತ್ತಿಯವರು ದುಃಸ್ವಪ್ನವೆಂದು ನೆನೆಯಲಿಲ್ಲ. ಪರ್ವತಾರೋಹಿಗಳ ಸಂಘದ ಪತ್ರಿಕೆಗೆ ಬರೆದ ಲೇಖನದಲ್ಲಿ ನಕ್ಷತ್ರಗಳ ನಡುವಿನ ಆ ಮೌನವನ್ನೂ, ಪೂರ್ವ ದಿಕ್ಕಿನಲ್ಲಿ ಮೂಡಿದ ಬೆಳಕನ್ನೂ ದೇವರ ಮಹಿಮೆಯ ದರ್ಶನವೆಂಬಂತೆ ವರ್ಣಿಸಿದರು. ಮರುದಿನ ಬೆಳಿಗ್ಗೆ, ಜುಲೈ 31ರಂದು, 4,634 ಮೀಟರ್ ಎತ್ತರದ ಡುಫೋರ್ ಶಿಖರವನ್ನು ಮುಟ್ಟಿ, ಹಿಂದೆ ಯಾರೂ ದಾಟದ ಜುಮ್‌ಸ್ಟೈನ್ ಕಣಿವೆಯ ಮೂಲಕ ಸ್ವಿಟ್ಜರ್ಲೆಂಡಿನ ಕಡೆಗೆ ಇಳಿದರು. ಅದೇ ಆಗಸ್ಟ್‌ನಲ್ಲಿ ಮ್ಯಾಟರ್‌ಹಾರ್ನ್ ಹತ್ತಿದರು. 1890ರಲ್ಲಿ ಮೋಂ ಬ್ಲಾಂ ಶಿಖರವೇರಿ, ಡೋಮ್ ಹಿಮನದಿಯ ಕಡೆಯಿಂದ ಹೊಸ ದಾರಿಯಲ್ಲಿ ಇಳಿದರು. ಇಟಲಿಯ ಕಡೆಯಿಂದ ಹೋಗುವವರು ಇಂದಿಗೂ ಬಳಸುವ ಆ ದಾರಿಗೆ ಪೋಪರ ದಾರಿ ಎಂಬ ಹೆಸರೂ ಉಂಟು.

ಇದು ಹುಚ್ಚು ಸಾಹಸವಲ್ಲವೇ, ಗುರುಗಳಿಗೆ ಇದು ತಕ್ಕುದೇ ಎಂದು ನೀವು ಕೇಳಬಹುದು. ರಾತ್ತಿಯವರು ಬರೆದದ್ದರ ತಿರುಳು ಇದಕ್ಕೇ ಉತ್ತರ. ಕೊರಳು ಮುರಿದುಕೊಳ್ಳುವ ದುಸ್ಸಾಹಸಕ್ಕೂ ಪರ್ವತಾರೋಹಣಕ್ಕೂ ಸಂಬಂಧವಿಲ್ಲವೆಂದೇ ಅವರು ವಾದಿಸಿದರು. ಸಿದ್ಧತೆ, ತನ್ನ ಶಕ್ತಿಯ ಅರಿವು, ಬಲ್ಲವರ ಮಾತಿಗೆ ವಿಧೇಯತೆ, ಹವೆ ಕೆಟ್ಟರೆ ಹಿಂದಿರುಗುವ ಮನಸ್ಸು ಇವಿಲ್ಲದೆ ಹೆಜ್ಜೆಯಿಡಬಾರದು. ಸಂತ ತೋಮಸ್ ಅಕ್ವಿನಾಸರು ವಿವೇಕವನ್ನು ನೈತಿಕ ಸದ್ಗುಣಗಳಿಗೆಲ್ಲ ದಾರಿ ತೋರುವ ಗುಣವೆಂದು ಕಲಿಸಿದ್ದಾರೆ. ವಿವೇಕವಿಲ್ಲದ ಧೈರ್ಯ ಸದ್ಗುಣವೇ ಅಲ್ಲ. ಗುರುಮಠದಲ್ಲಿ ಪಾಠವಾಗಿ ಹೇಳುತ್ತಿದ್ದುದನ್ನು ರಾತ್ತಿಯವರು ಬಂಡೆಯ ಮೇಲೆ ಬೆರಳ ತುದಿಯಿಂದ ಕಲಿತರು.

ಆಮೇಲೆ ಎಷ್ಟೋ ವರ್ಷ ಅವರು ಗ್ರಂಥಪಾಲಕರಾಗಿಯೇ ಇದ್ದರು. ಮಿಲಾನಿನಲ್ಲಿ, ಅನಂತರ ವ್ಯಾಟಿಕನ್ ಗ್ರಂಥಾಲಯದಲ್ಲಿ. ಬಾಳಿನ ಕೊನೆಯ ಅಧ್ಯಾಯ ಪುಸ್ತಕಗಳ ನಡುವೆಯೇ ಮುಗಿಯುವುದೆಂದು ಯಾರಾದರೂ ಭಾವಿಸಬಹುದಿತ್ತು. ಆದರೆ 1918ರಲ್ಲಿ, ಅರವತ್ತೊಂದರ ವಯಸ್ಸಿನ ಹೊಸ್ತಿಲಲ್ಲಿ, ಅವರನ್ನು ಜಗದ್ಗುರುಗಳ ಪ್ರತಿನಿಧಿಯಾಗಿ ಪೋಲೆಂಡಿಗೆ ಕಳುಹಿಸಲಾಯಿತು. ರಾಯಭಾರದ ಅನುಭವ ಅವರಿಗೆ ಇರಲಿಲ್ಲ. ಮತ್ತೆ ಹೊಸಬ, ಮತ್ತೆ ಮೊದಲ ಹೆಜ್ಜೆ. 1920ರ ಆಗಸ್ಟ್‌ನಲ್ಲಿ ರಷ್ಯದ ಕೆಂಪು ಸೇನೆ ವಾರ್ಸಾ ನಗರದ ಬಾಗಿಲಿಗೆ ಬಂದಾಗ ಬಹುತೇಕ ರಾಯಭಾರಿಗಳು ಊರು ಬಿಟ್ಟರು, ರಾತ್ತಿಯವರು ಉಳಿದರು. ಮಾತೆ ಮರಿಯಮ್ಮನವರ ಸ್ವರ್ಗಾರೋಹಣದ ಹಬ್ಬದ ಆಸುಪಾಸಿನಲ್ಲಿ ಯುದ್ಧದ ಗತಿ ತಿರುಗಿ, ನಗರ ಉಳಿಯಿತು. ಬೆಳಗಾಗುವ ತನಕ ನಿಂತಲ್ಲೇ ನಿಲ್ಲುವುದು ಅವರಿಗೆ ಹೊಸದಾಗಿರಲಿಲ್ಲ.

1921ರಲ್ಲಿ ಮಿಲಾನಿನ ಮಹಾಧರ್ಮಾಧ್ಯಕ್ಷರೂ ಕಾರ್ಡಿನಲರೂ ಆದರು. 1922ರ ಫೆಬ್ರವರಿ 6ರಂದು ಜಗದ್ಗುರುಗಳಾಗಿ ಆಯ್ಕೆಯಾದರು. ಇಟಲಿಯ ಸರ್ಕಾರದೊಂದಿಗಿನ ವಿವಾದದಿಂದ 1870ರಿಂದ ಯಾವ ಪೋಪರೂ ವ್ಯಾಟಿಕನ್ನಿನಿಂದ ಹೊರಗೆ ಕಾಲಿಟ್ಟಿರಲಿಲ್ಲ. 1929ರ ಒಪ್ಪಂದದಿಂದ ಬಾಗಿಲು ತೆರೆಯುವ ತನಕ, ಆಲ್ಪ್ಸ್ ಶಿಖರಗಳನ್ನು ಕಂಡ ಈ ಮನುಷ್ಯ ಏಳು ವರ್ಷ ಗೋಡೆಯೊಳಗಿನ ತೋಟದಲ್ಲಿ ಸುತ್ತು ನಡೆದರು. ಆದರೆ ಮಲೆಯನ್ನು ಮರೆಯಲಿಲ್ಲ. 1923ರ ಆಗಸ್ಟ್ 20ರಂದು, ಆಲ್ಪ್ಸ್ ಕಣಿವೆಯಲ್ಲಿ ದಾರಿಗರಿಗೆ ಆಶ್ರಯಧಾಮ ಕಟ್ಟಿದ ಮೆಂತೋನಿನ ಸಂತ ಬರ್ನಾರ್ಡರನ್ನು ಪರ್ವತಾರೋಹಿಗಳ ಪಾಲಕರೆಂದು ಸಾರಿದರು. ಶಿಖರಗಳನ್ನು ಹೊಕ್ಕವರಲ್ಲ, ಬಿರುಗಾಳಿಯಲ್ಲಿ ದಾರಿ ತಪ್ಪಿದವರಿಗೆ ಬಾಗಿಲು ತೆರೆದವರು ಪಾಲಕರಾದರು ಎಂಬುದನ್ನು ಗಮನಿಸಿ.

ನಮ್ಮ ನಾಡಿಗೂ ಅವರ ಹಸ್ತ ತಲುಪಿದೆ. 1923ರಲ್ಲಿ ಮಂಗಳೂರು ಧರ್ಮಕ್ಷೇತ್ರದಿಂದ ಕಲ್ಲಿಕೋಟೆಯನ್ನು ಬೇರ್ಪಡಿಸಿ ಹೊಸ ಧರ್ಮಕ್ಷೇತ್ರ ಮಾಡಿದವರು ಅವರು. ಅದೇ ವರ್ಷ ತೂತುಕುಡಿಗೆ ಭಾರತೀಯರೇ ಆದ ತಿಬೂರ್ಸಿಯಸ್ ರೋಚ್ ಅವರನ್ನು ಧರ್ಮಾಧ್ಯಕ್ಷರಾಗಿ ನೇಮಿಸಿದರು. 1926ರಲ್ಲಿ ಚೀನಾದ ಆರು ಗುರುಗಳನ್ನು ರೋಮಿನಲ್ಲಿ ತಾವೇ ಧರ್ಮಾಧ್ಯಕ್ಷರಾಗಿ ಅಭಿಷೇಕಿಸಿದರು. ಆಯಾ ನಾಡಿನ ದಾರಿ ಆಯಾ ನಾಡಿನವರಿಗೇ ಚೆನ್ನಾಗಿ ಗೊತ್ತೆಂಬುದು ಗಾದಿನ್‌ನ ಹಿಂದೆ ನಡೆದವರಿಗೆ ತಿಳಿಯದ ಮಾತಲ್ಲ.

ಅವರ ಪ್ರತಿ ಹೆಜ್ಜೆಯೂ ಸರಿಯಾಗಿತ್ತೆಂದು ಹೇಳಿದರೆ ಸತ್ಯಕ್ಕೆ ಅಪಚಾರ. ಮುಸೊಲಿನಿಯೊಂದಿಗೆ 1929ರಲ್ಲಿ, ಹಿಟ್ಲರನ ಸರ್ಕಾರದೊಂದಿಗೆ 1933ರಲ್ಲಿ ಆದ ಒಪ್ಪಂದಗಳನ್ನು ಇತಿಹಾಸಕಾರರು ಇಂದಿಗೂ ಪ್ರಶ್ನಿಸುತ್ತಾರೆ. ಭದ್ರವೆಂದು ಕೈಯಿಟ್ಟ ಕಲ್ಲು ಅಲುಗಾಡಿತು. ಅಲುಗಾಡಿದ ಮೇಲೆ ಅವರು ಸುಮ್ಮನಿರಲಿಲ್ಲ. 1937ರ ಗರಿಗಳ ಭಾನುವಾರದಂದು ನಾಜಿಗಳ ಜನಾಂಗಪೂಜೆಯನ್ನು ಖಂಡಿಸುವ ಅವರ ಪರಿಪತ್ರವನ್ನು, ಗುಟ್ಟಾಗಿ ಅಚ್ಚು ಹಾಕಿಸಿ, ಜರ್ಮನಿಯ ದೇವಾಲಯಗಳಲ್ಲಿ ಓದಲಾಯಿತು. ಆಗ ಅವರು ಎಂಬತ್ತರ ಹತ್ತಿರದ ರೋಗಿ. 1938ರಲ್ಲಿ ಹಿಟ್ಲರ್ ರೋಮಿಗೆ ಬಂದಾಗ ಅವರು ನಗರವನ್ನೇ ಬಿಟ್ಟು ಕಾಸ್ತೆಲ್ ಗಾಂದೊಲ್ಫೊಗೆ ಹೊರಟುಹೋದರು. ವ್ಯಾಟಿಕನ್ ವಸ್ತುಸಂಗ್ರಹಾಲಯದ ಬಾಗಿಲನ್ನೂ ಮುಚ್ಚಿಸಿದ್ದರು. 1939ರ ಫೆಬ್ರವರಿ 10ರ ಮುಂಜಾನೆ, ಇಟಲಿಯ ಧರ್ಮಾಧ್ಯಕ್ಷರಿಗೆ ಮಾತಾಡಬೇಕಿದ್ದ ಹಿಂದಿನ ದಿನ, ಅವರು ಪ್ರಭುವಿನಲ್ಲಿ ನಿದ್ರಿಸಿದರು.

ಪ್ರಿಯ ಓದುಗರೇ, ನೀವು ಹಿಮದ ಗೋಡೆ ಹತ್ತಲಾರಿರಿ, ಹತ್ತಬೇಕಾಗಿಯೂ ಇಲ್ಲ. ಆದರೆ ನಲವತ್ತರಲ್ಲಿ ಕೆಲಸ ಹೋಗಿ ಹೊಸ ಕಸುಬು ಕಲಿಯಬೇಕಾದವರು ನಿಮ್ಮಲ್ಲಿದ್ದೀರಿ. ಗಂಡ ತೀರಿಕೊಂಡ ಮೇಲೆ ಮೊದಲ ಸಲ ಬ್ಯಾಂಕಿನ ಮೆಟ್ಟಿಲು ಹತ್ತಿದವರಿದ್ದೀರಿ. ಕುಡಿತ ಬಿಟ್ಟು ಮೊದಲ ವಾರ ಕಳೆಯುತ್ತಿರುವವರೂ ಇರಬಹುದು. ಹೊಸಬರಾಗಿರುವುದರಲ್ಲಿ ಅವಮಾನವಿಲ್ಲ. ಗೊತ್ತಿದ್ದವರನ್ನು ಕೇಳಿ, ನಿಮಗಿಂತ ಕಡಿಮೆ ಓದಿದವರಾದರೂ ಕೇಳಿ. ಮೂರು ಭದ್ರವಾಗಿರಲಿ, ಒಂದನ್ನು ಮಾತ್ರ ಸರಿಸಿ. ಹಗ್ಗವನ್ನು, ಅಂದರೆ ಮನೆಯವರನ್ನು, ನೆರೆಯವರನ್ನು, ಧರ್ಮಕೇಂದ್ರದ ಬಂಧುಗಳನ್ನು ಬಿಚ್ಚಿ ಎಸೆಯಬೇಡಿ. ಮುಂದೆ ಹೋಗಲೂ ಹಿಂದೆ ಬರಲೂ ಆಗದ ರಾತ್ರಿ ಬಂದರೆ ಮಲಗಿಬಿಡಬೇಡಿ. ಕಾಲು ಕುಟ್ಟುತ್ತಾ ನಿಲ್ಲಿ, ಪಕ್ಕದವರನ್ನೂ ಎಚ್ಚರವಾಗಿಡಿ, ಪ್ರಾರ್ಥಿಸಿ. ನಿಮ್ಮ ಹಗ್ಗದ ಇನ್ನೊಂದು ತುದಿಯಲ್ಲಿ ಯಾರೋ ಚಳಿಯಲ್ಲಿ ನಡುಗುತ್ತಾ ನಿಮ್ಮನ್ನೇ ನಂಬಿ ನಿಂತಿರಬಹುದು. ಈ ವಾರ ಅವರು ಯಾರೆಂದು ಒಮ್ಮೆ ನೆನೆದು, ಅವರ ಮನೆಗೆ ಹೋಗಿ ಬನ್ನಿ.