ಗಾಳಿಯಿಂದ ಗಾಡಿ ನಿಲ್ಲಿಸಿದ ಜಾರ್ಜ್ ವೆಸ್ಟಿಂಗ್‌ಹೌಸ್



2024ರ ಫೆಬ್ರುವರಿ 25ರ ಮುಂಜಾನೆ ಜಮ್ಮುವಿನ ಕಠುವಾ ನಿಲ್ದಾಣದಲ್ಲಿ ನಿಂತಿದ್ದ ಒಂದು ಗೂಡ್ಸ್ ಗಾಡಿ ಡ್ರೈವರನಿಲ್ಲದೆ ತಾನಾಗಿಯೇ ಹೊರಟುಬಿಟ್ಟಿತು. ಜಲ್ಲಿಕಲ್ಲು ತುಂಬಿದ 53 ಡಬ್ಬಿಗಳು. ಇಳಿಜಾರು ಹಿಡಿದು ಪಂಜಾಬದ ಕಡೆಗೆ ಸುಮಾರು 70 ಕಿಲೋಮೀಟರು ಓಡಿತು. ರೈಲ್ವೆಯವರು ದಾರಿಯ ಗೇಟುಗಳನ್ನು ಮುಚ್ಚಿಸಿದರು, ಮುಂದಿನ ಹಳಿಯನ್ನು ಬರಿದು ಮಾಡಿಸಿದರು; ಕೊನೆಗೆ ಊಂಚಿ ಬಸ್ಸಿ ಎಂಬಲ್ಲಿ ಹಳಿಯ ಮೇಲೆ ಮರದ ದಿಮ್ಮಿ, ಉಸುಕಿನ ಚೀಲ ಇಟ್ಟು ಅದನ್ನು ತಡೆದರು. ಯಾರಿಗೂ ಅಪಾಯವಾಗಲಿಲ್ಲ. ಇಂದು ಇಂಥ ಘಟನೆ ದೇಶಕ್ಕೆಲ್ಲ ಸುದ್ದಿಯಾಗುತ್ತದೆ. ನೂರೈವತ್ತು ವರ್ಷಗಳ ಹಿಂದೆ ಗಾಡಿ ಕೈತಪ್ಪಿ ಓಡುವುದು ರೈಲಿನವರ ದಿನನಿತ್ಯದ ಅಂಜಿಕೆಯಾಗಿತ್ತು. ಆ ಅಂಜಿಕೆಯನ್ನು ಕಡಿಮೆ ಮಾಡಿದ ಮನುಷ್ಯನ ಬಾಳನ್ನು ನಾವು ಇಲ್ಲಿ ಬರೆಯುತ್ತಿದ್ದೇವೆ.

ಜಾರ್ಜ್ ವೆಸ್ಟಿಂಗ್‌ಹೌಸ್ ಅವರು 1846ರ ಅಕ್ಟೋಬರ್ 6ರಂದು ಅಮೆರಿಕೆಯ ನ್ಯೂಯಾರ್ಕ್ ಸಂಸ್ಥಾನದ ಸೆಂಟ್ರಲ್ ಬ್ರಿಜ್ ಎಂಬ ಹಳ್ಳಿಯಲ್ಲಿ ಹುಟ್ಟಿದರು. ತಂದೆ ಒಕ್ಕಲುತನದ ಯಂತ್ರಗಳನ್ನು ಮಾಡುವವರು. ಮುಂದೆ ಅವರು ಸ್ಕೆನೆಕ್ಟಡಿ ಎಂಬ ಊರಿಗೆ ಹೋಗಿ ಕಾರ್ಖಾನೆ ತೆರೆದರು. ಹುಡುಗನಿಗೆ ಶಾಲೆಗಿಂತ ಆ ಕಾರ್ಖಾನೆಯೇ ಹೆಚ್ಚು ರುಚಿಸಿತು. ಅಮೆರಿಕೆಯ ಅಂತರ್ಯುದ್ಧ ನಡೆದಾಗ ಇನ್ನೂ ಮೀಸೆ ಮೂಡದ ವಯಸ್ಸಿನಲ್ಲಿ ಸೈನ್ಯ ಸೇರಿದರು, ನಂತರ ನೌಕಾದಳದಲ್ಲಿ ಎಂಜಿನುಗಳನ್ನು ನೋಡಿಕೊಂಡರು. ಯುದ್ಧ ಮುಗಿದ ಮೇಲೆ ಕಾಲೇಜಿಗೂ ಹೋದರು, ಕೆಲವೇ ತಿಂಗಳು. ಕಾಲೇಜು ಬಿಟ್ಟವರೆಲ್ಲ ವೆಸ್ಟಿಂಗ್‌ಹೌಸ್ ಆಗುವುದಿಲ್ಲ ಎಂಬುದನ್ನು ಮಾತ್ರ ಇಲ್ಲಿ ಮೆಲ್ಲನೆ ಹೇಳಿಬಿಡುತ್ತೇವೆ!

1866ರಲ್ಲಿ ಅವರು ಪ್ರವಾಸ ಮಾಡುತ್ತಿದ್ದ ಗಾಡಿ ನಡುದಾರಿಯಲ್ಲಿ ನಿಂತಿತು. ಮುಂದೆ ಎರಡು ಗೂಡ್ಸ್ ಗಾಡಿಗಳು ಎದುರುಬದುರಾಗಿ ಡಿಕ್ಕಿ ಹೊಡೆದಿದ್ದವು. ಹಾಡುಹಗಲು, ಹಳಿ ನೆಟ್ಟಗಿತ್ತು, ನೆಲ ಸಮನಾಗಿತ್ತು. ಇಬ್ಬರು ಡ್ರೈವರರೂ ಒಬ್ಬರನ್ನೊಬ್ಬರು ನೋಡಿದ್ದರು. ಆದರೂ ಗಾಡಿ ನಿಲ್ಲಿಸಲು ಆಗಿರಲಿಲ್ಲ. ಏಕೆಂದರೆ ಬ್ರೇಕು ಡ್ರೈವರನ ಕೈಯಲ್ಲಿ ಇರಲೇ ಇಲ್ಲ.

ಆಗಿನ ಗೂಡ್ಸ್ ಗಾಡಿಯಲ್ಲಿ ಒಂದೊಂದು ಡಬ್ಬಿಯ ಮಾಳಿಗೆಯ ಮೇಲೂ ಒಂದು ಕಬ್ಬಿಣದ ಚಕ್ರವಿರುತ್ತಿತ್ತು. ಡ್ರೈವರ್ ಸೀಟಿ ಊದಿದೊಡನೆ ಬ್ರೇಕಿನ ಆಳುಗಳು ಓಡುವ ಗಾಡಿಯ ಮೇಲೆ ಡಬ್ಬಿಯಿಂದ ಡಬ್ಬಿಗೆ ಜಿಗಿಯುತ್ತ ಹೋಗಿ, ಆ ಚಕ್ರಗಳನ್ನು ಒಂದೊಂದಾಗಿ ತಿರುವಿ ಬಿಗಿಯಬೇಕು. ರಾತ್ರಿಯೇ ಇರಲಿ, ಮಳೆಯೇ ಇರಲಿ, ಮಾಳಿಗೆಯ ಮೇಲೆ ಹಿಮ ಹೆಪ್ಪುಗಟ್ಟಿರಲಿ, ಕೆಲಸ ಅದೇ. ಕಾಲು ಜಾರಿದರೆ ಗಾಲಿಯ ಕೆಳಗೆ. ಹೀಗೆ ಸತ್ತವರಿಗೆ, ಕೈಕಾಲು ಕಳೆದುಕೊಂಡವರಿಗೆ ಲೆಕ್ಕವಿಲ್ಲ. ಘಟ್ಟ ಏರುವಾಗ ಡಬ್ಬಿಗಳ ಕೊಂಡಿ ಹರಿದರಂತೂ ಹಿಂದಿನ ಡಬ್ಬಿಗಳು ತಿರುಗಿ ಇಳಿಜಾರಿಗೆ ಓಡುತ್ತಿದ್ದವು. ಅವನ್ನು ತಡೆಯುವುದು ಮೇಲಿದ್ದ ಒಬ್ಬಿಬ್ಬರ ತೋಳಬಲಕ್ಕೆ ಬಿಟ್ಟ ಮಾತು.

ಇಡೀ ಗಾಡಿಗೆ ಒಮ್ಮೆಲೇ ಬ್ರೇಕು ಹಾಕುವ ಉಪಾಯವನ್ನು ವೆಸ್ಟಿಂಗ್‌ಹೌಸ್ ಹುಡುಕತೊಡಗಿದರು. ಸರಪಳಿಯನ್ನು ಯೋಚಿಸಿದರು, ಉಗಿಯನ್ನು ಯೋಚಿಸಿದರು. ಸರಪಳಿ ಉದ್ದ ಸಾಲದು. ಉಗಿಯೋ ದಾರಿಯಲ್ಲೇ ತಣ್ಣಗಾಗಿ ನೀರಾಗುತ್ತದೆ. ಅಷ್ಟರಲ್ಲಿ ಒಬ್ಬ ತರುಣಿ ಪತ್ರಿಕೆಯ ಚಂದಾ ಕೇಳಿಕೊಂಡು ಕಾರ್ಖಾನೆಗೆ ಬಂದಳು. ವೆಸ್ಟಿಂಗ್‌ಹೌಸ್ ಚಂದಾದಾರರಾದರು. ಆ ಪತ್ರಿಕೆಯಲ್ಲಿ ಆಲ್ಪ್ಸ್ ಪರ್ವತದ ಮೋಂ ಸೆನಿ ಸುರಂಗದ ವರ್ಣನೆ ಇತ್ತು. ಅಲ್ಲಿ ಒತ್ತಿ ತುಂಬಿದ ಗಾಳಿಯನ್ನು ಕೊಳವೆಯಲ್ಲಿ ಸಾವಿರಾರು ಅಡಿ ಒಳಗೆ ಒಯ್ದು ಬಂಡೆ ಕೊರೆಯುತ್ತಿದ್ದರು. ಬಂಡೆ ಕೊರೆಯಬಲ್ಲ ಗಾಳಿ ಗಾಲಿಯನ್ನು ಹಿಡಿಯಲಾರದೆ? ಒಂದು ಚಂದಾ ಹಣ ಇಷ್ಟು ಫಲ ಕೊಟ್ಟದ್ದು ಅಪರೂಪ.

ಗಾಳಿ ಕಬ್ಬಿಣವನ್ನು ನಿಲ್ಲಿಸುತ್ತದೆ ಎಂದರೆ ರೈಲ್ವೆ ಕಂಪನಿಗಳು ನಂಬಲೊಲ್ಲವು. ಕೊನೆಗೆ ಪಿಟ್ಸ್‌ಬರ್ಗಿನ ಒಂದು ಕಂಪನಿ, ಹಾನಿಯಾದರೆ ತುಂಬಿಕೊಡಬೇಕು ಎಂಬ ಕರಾರಿನ ಮೇಲೆ, ಒಂದು ಎಂಜಿನು ಮತ್ತು ನಾಲ್ಕು ಡಬ್ಬಿಗಳನ್ನು ಪರೀಕ್ಷೆಗೆ ಕೊಟ್ಟಿತು. ಗಾಡಿ ಸುರಂಗದಿಂದ ಹೊರಬೀಳುತ್ತಲೇ ಮುಂದಿನ ಗೇಟಿನಲ್ಲಿ ಒಂದು ಕುದುರೆಗಾಡಿ! ಗಾಬರಿಯಾದ ಕುದುರೆಗಳು ಹಳಿಯ ಮೇಲೆಯೇ ನಿಂತವು. ಗಾಡಿಯವನು ಕೆಳಗೆ ಬಿದ್ದ. ರೈಲಿನ ಡ್ರೈವರ್ ಡೇನಿಯಲ್ ಟೇಟ್ ಬ್ರೇಕಿನ ಹಿಡಿಕೆಯನ್ನು ಪೂರಾ ತಿರುವಿದರು. ಡಬ್ಬಿಯೊಳಗೆ ಕುಳಿತಿದ್ದ ಅಧಿಕಾರಿಗಳು ಆಸನಗಳಿಂದ ಮುಗ್ಗರಿಸಿದರು. ಸಿಟ್ಟಿನಿಂದ ಕೆಳಗಿಳಿದು ನೋಡಿದರೆ, ಬಿದ್ದವನಿಗೂ ಎಂಜಿನಿಗೂ ನಡುವೆ ಕೆಲವೇ ಅಡಿ ಅಂತರ. ಆಮೇಲೆ ಅವರಿಗೆ ಬೇರೆ ಪರೀಕ್ಷೆ ಬೇಕಾಗಲಿಲ್ಲ. 1869ರ ಏಪ್ರಿಲಿನಲ್ಲಿ ವೆಸ್ಟಿಂಗ್‌ಹೌಸ್ ಅವರಿಗೆ ಪೇಟೆಂಟ್ ಸಿಕ್ಕಿತು. ಆಗ ಅವರ ವಯಸ್ಸು 22.

ಆದರೂ ಈ ಬ್ರೇಕಿನಲ್ಲಿ ಒಂದು ದೊಡ್ಡ ಕುಂದಿತ್ತು. ಎಂಜಿನಿನಿಂದ ಗಾಳಿ ಬಂದರೆ ಮಾತ್ರ ಬ್ರೇಕು ಹಿಡಿಯುತ್ತಿತ್ತು. ಕೊಂಡಿ ಹರಿದು ಕೊಳವೆ ತುಂಡಾದರೆ ಗಾಳಿಯೆಲ್ಲ ಹೊರಗೆ ಹೋಗಿ, ಬ್ರೇಕು ಅತ್ಯಂತ ಬೇಕಾದ ಹೊತ್ತಿನಲ್ಲೇ ಇಲ್ಲವಾಗುತ್ತಿತ್ತು. 1872ರ ಸುಮಾರಿಗೆ ವೆಸ್ಟಿಂಗ್‌ಹೌಸ್ ಇದನ್ನು ತಲೆಕೆಳಗು ಮಾಡಿದರು. ನಮ್ಮ ದೃಷ್ಟಿಯಲ್ಲಿ ಅವರ ನಿಜವಾದ ಹಿರಿಮೆ ಇರುವುದು ಇಲ್ಲಿ. ಪ್ರತಿ ಡಬ್ಬಿಯ ಕೆಳಗೂ ಗಾಳಿಯ ಒಂದು ಸ್ವಂತ ತೊಟ್ಟಿ, ಒಂದು ಕವಾಟ. ಉದ್ದನೆಯ ಕೊಳವೆಯಲ್ಲಿ ಗಾಳಿ ತುಂಬಿರುವವರೆಗೆ ಬ್ರೇಕು ಬಿಟ್ಟುಕೊಂಡಿರುತ್ತದೆ. ಕೊಳವೆಯ ಒತ್ತಡ ಇಳಿದೊಡನೆ ಕವಾಟ ತೆರೆದು, ತೊಟ್ಟಿಯ ಗಾಳಿ ನುಗ್ಗಿ ಬ್ರೇಕನ್ನು ಬಿಗಿಯುತ್ತದೆ. ಈಗ ಕೊಂಡಿ ಹರಿಯಲಿ, ಗಾಡಿ ಎರಡು ತುಂಡಾಗಲಿ, ಯಾರೂ ಏನೂ ಮಾಡದೆ ಎರಡು ತುಂಡುಗಳೂ ತಾವಾಗಿಯೇ ನಿಲ್ಲುತ್ತವೆ.

ಪ್ರಯಾಣಿಕರ ಗಾಡಿಗಳಿಗೆ ಇದು ಬೇಗ ಬಂತು. ಗೂಡ್ಸ್ ಗಾಡಿಗಳಿಗೆ ಮಾತ್ರ ಖರ್ಚಿನ ನೆಪ ಅಡ್ಡ ಬಂತು. ಬ್ರೇಕಿನ ಆಳಿನ ಪ್ರಾಣ ಕಂಪನಿಗಳಿಗೆ ಅಗ್ಗವಾಗಿತ್ತು ಎಂದರೆ ಕಟುವಾದೀತು, ಆದರೆ ಸುಳ್ಳಾಗದು. 1886 ಮತ್ತು 1887ರಲ್ಲಿ ಅಯೋವಾದ ಬರ್ಲಿಂಗ್ಟನ್ನಿನಲ್ಲಿ 50 ಡಬ್ಬಿಗಳ ಗೂಡ್ಸ್ ಗಾಡಿಗಳ ಮೇಲೆ ಬ್ರೇಕುಗಳ ಪರೀಕ್ಷೆ ನಡೆಯಿತು. ಮುಂದಿನ ಡಬ್ಬಿಗಳು ನಿಂತರೂ ಬಾಲದವರೆಗೆ ಸುದ್ದಿ ಮುಟ್ಟಲು ತಡವಾಗಿ, ಹಿಂದಿನವು ಬಂದು ಗುದ್ದುತ್ತಿದ್ದವು. ವೆಸ್ಟಿಂಗ್‌ಹೌಸ್ ಕವಾಟವನ್ನು ತಿದ್ದಿ ಚುರುಕುಗೊಳಿಸಿದರು; ಅದೇ ವರ್ಷ 50 ಡಬ್ಬಿಗಳ ಗಾಡಿಯನ್ನು ಊರೂರಿಗೆ ಒಯ್ದು ನಿಲ್ಲಿಸಿ ತೋರಿಸಿದರು. ಅಯೋವಾದ ಲೊರೆಂಜೊ ಕಾಫಿನ್ ಎಂಬ ರೈತರು ರೈಲ್ವೆ ಕೆಲಸಗಾರರಿಗಾಗಿ ವರ್ಷಗಟ್ಟಲೆ ಅಲೆದಾಡಿ ಹೋರಾಡಿದರು. 1893ರ ಮಾರ್ಚ್ 2ರಂದು ಅಧ್ಯಕ್ಷ ಹ್ಯಾರಿಸನ್ನರ ರುಜುವಿನೊಂದಿಗೆ ಕಾನೂನು ಬಂದು, ಡ್ರೈವರನೇ ಗಾಡಿಯನ್ನು ನಿಲ್ಲಿಸುವಷ್ಟು ಡಬ್ಬಿಗಳಿಗೆ ಇಂಥ ಬ್ರೇಕು ಕಡ್ಡಾಯವಾಯಿತು. ಆಳುಗಳು ಮಾಳಿಗೆಯಿಂದ ಕೆಳಗಿಳಿದರು.

ಹಾಗಾದರೆ ಕಠುವಾದ ಗಾಡಿ ಏಕೆ ಓಡಿತು? ಎಂಜಿನು ಬಂದ್ ಮಾಡಿ ಬಿಟ್ಟರೆ ತೊಟ್ಟಿಯ ಗಾಳಿ ಮೆಲ್ಲಗೆ ಸೋರಿ, ಬ್ರೇಕು ಸಡಿಲವಾಗುತ್ತದೆ. ಅದಕ್ಕಾಗಿ ನಿಲ್ಲಿಸಿದ ಗಾಡಿಗೆ ಇಂದಿಗೂ ಕೈಬ್ರೇಕು ಬಿಗಿಯಬೇಕು, ಗಾಲಿಗೆ ಅಡ್ಡ ಇಡಬೇಕು. ನಮ್ಮ ಸೊಲ್ಲಾಪುರದಿಂದ ಮುಂಬಯಿಗೆ ಹೋಗುವವರು ಖಂಡಾಳಾದ ಕೆಳಗೆ ಬೋರ್ ಘಾಟದಲ್ಲಿ ಗುಡ್ಡದ ಕಡೆಗೆ ಏರಿ ಅಲ್ಲಿಗೇ ಮುಗಿಯುವ ಹಳಿಗಳನ್ನು ನೋಡಿರಬಹುದು. 37 ಅಡಿಗೆ 1 ಅಡಿ ಇಳಿಯುವ ಆ ಘಟ್ಟದಲ್ಲಿ ಕೈತಪ್ಪಿದ ಗಾಡಿಯನ್ನು ಏರಿಗೆ ಹತ್ತಿಸಿ ನಿಲ್ಲಿಸಲು ಅವು ಇವೆ.

ವೆಸ್ಟಿಂಗ್‌ಹೌಸ್ ಮುಂದೆ ವಿದ್ಯುತ್ತಿನ ಕಡೆಗೆ ತಿರುಗಿದರು. ಟೆಸ್ಲಾರ ಪೇಟೆಂಟುಗಳನ್ನು ಕೊಂಡರು; ಅವರ ಕಂಪನಿ 1893ರಲ್ಲಿ ಶಿಕಾಗೋ ಪ್ರದರ್ಶನವನ್ನು ಬೆಳಗಿತು, ನಯಾಗರಾ ಜಲಪಾತದಿಂದ ವಿದ್ಯುತ್ತು ತೆಗೆಯಿತು. ಅದೇ ಒಂದು ಬೇರೆ ಲೇಖನದ ವಿಷಯ. 1907ರ ಹಣದ ಮುಗ್ಗಟ್ಟಿನಲ್ಲಿ ಆ ವಿದ್ಯುತ್ ಕಂಪನಿಯ ಆಡಳಿತ ಅವರ ಕೈಬಿಟ್ಟುಹೋಯಿತು. ಬ್ರೇಕಿನ ಕಂಪನಿ ಉಳಿಯಿತು. 1914ರ ಮಾರ್ಚ್ 12ರಂದು ಅವರು ನ್ಯೂಯಾರ್ಕಿನಲ್ಲಿ ತೀರಿಕೊಂಡರು. ಅವರ ಹೆಸರಿನಲ್ಲಿ 300ಕ್ಕೂ ಹೆಚ್ಚು ಪೇಟೆಂಟುಗಳಿದ್ದವು. ಹುಡುಗನಾಗಿದ್ದಾಗ ಯುದ್ಧಕ್ಕೆ ಹೋಗಿದ್ದರಾಗಿ ಅವರನ್ನು ಆರ್ಲಿಂಗ್ಟನ್ನಿನ ಸೈನಿಕರ ರುದ್ರಭೂಮಿಯಲ್ಲಿ ಮಣ್ಣು ಮಾಡಿದರು. ಹಿಂದೊಮ್ಮೆ ರೈಲಿನಲ್ಲಿಯೇ ಪರಿಚಯವಾಗಿ ಅವರ ಕೈಹಿಡಿದಿದ್ದ ಪತ್ನಿ ಮಾರ್ಗರೀಟ್ ಅವರೂ ಅದೇ ವರ್ಷ ಕಣ್ಮುಚ್ಚಿದರು.