ಟೀ ಶರ್ಟಿನಲ್ಲಿ ಕಾಣದ ಬಾಬ್ ಮಾರ್ಲಿ

ನಮ್ಮ ಹಾಸ್ಟೆಲಲ್ಲಿ ಬಾಬ್ ಮಾರ್ಲಿ ಟೀ ಶರ್ಟ್ ಇರೋರು ಕಮ್ಮಿ ಅಂದ್ರೂ ಹತ್ತು ಜನ ಇದ್ದಾರೆ. ಅವನ ಹಾಡು ಪೂರ್ತಿ ಕೇಳಿದವರು ಎಷ್ಟು ಅಂತ ಮಾತ್ರ ಕೇಳಬೇಡಿ. ನಾನೂ ಒಂಬತ್ತನೇ ಕ್ಲಾಸಲ್ಲಿ ಬಿಡದೆ ಕೇಳಿ, ಆಮೇಲೆ ಮರೆತೇಬಿಟ್ಟಿದ್ದೆ. ಮತ್ತೆ ನೆನಪಿಸಿದ್ದು ಫುಟ್‌ಬಾಲ್. ಆಮ್‌ಸ್ಟರ್‌ಡ್ಯಾಮ್‌ನ ಆಯಾಕ್ಸ್ ಕ್ಲಬ್ಬಿನ ವಿಡಿಯೋ ಒಂದರಲ್ಲಿ ಇಡೀ ಗ್ಯಾಲರಿ ಎದ್ದು ನಿಂತು ಅವನ 'ತ್ರೀ ಲಿಟಲ್ ಬರ್ಡ್ಸ್' ಹಾಡ್ತಾ ಇತ್ತು. ಜಮೈಕಾದವನ ಹಾಡು ಅಲ್ಲಿಗೆ ಹೇಗೆ ಹೋಯ್ತು ಅಂತ ಹುಡುಕುತ್ತಾ ಅವನ ಇಡೀ ಜೀವನ ಓದಿದೆ.

ಮಾರ್ಲಿ ಹುಟ್ಟಿದ್ದು 1945ರ ಫೆಬ್ರವರಿ 6ರಂದು, ಜಮೈಕಾದ ನೈನ್ ಮೈಲ್ ಅನ್ನೋ ಹಳ್ಳಿಯಲ್ಲಿ. ತಾಯಿ ಕಪ್ಪು ಜನಾಂಗದ ಹದಿಹರೆಯದ ಹುಡುಗಿ, ತಂದೆ ವಯಸ್ಸಾದ ಬಿಳಿಯ. ತಂದೆ ಮನೆಯಲ್ಲಿ ಇದ್ದದ್ದು ಕಡಿಮೆ. ಮಗ ತಾಯಿಯ ಜೊತೆ ಕಿಂಗ್‌ಸ್ಟನ್ ನಗರದ ಟ್ರೆಂಚ್‌ಟೌನ್ ಕೊಳೆಗೇರಿಗೆ ಬಂದ. ವೆಲ್ಡಿಂಗ್ ಕಲಿಯೋಕೆ ಸೇರಿದ, ಕಣ್ಣಿಗೆ ಲೋಹದ ಚೂರು ಸಿಡಿದು ಅದನ್ನೂ ಬಿಟ್ಟ. (ವರ್ಕ್‌ಶಾಪಲ್ಲಿ ಗಾಗಲ್ಸ್ ಹಾಕದೆ ಬೈಸಿಕೊಂಡವರು ಗಮನಿಸಿ.) 1962ರಲ್ಲಿ ಮೊದಲ ರೆಕಾರ್ಡ್ ಬಂತು. ಪೀಟರ್ ಟಾಶ್, ಬನ್ನಿ ವೈಲರ್ ಜೊತೆ ಕಟ್ಟಿದ 'ವೈಲರ್ಸ್' ತಂಡ, ರೆಗೆ ಸಂಗೀತ, ಪ್ರಪಂಚದ ಹೆಸರು, ಇವೆಲ್ಲ ನಿಮಗೆ ಗೊತ್ತಿರತ್ತೆ.

ಗೊತ್ತಿಲ್ಲದ್ದು ಅವನ ಫುಟ್‌ಬಾಲ್ ಹುಚ್ಚು. ಟೂರ್ ಹೋದಲ್ಲೆಲ್ಲ ಆಡಲೇಬೇಕು. ಜಮೈಕಾದ ಹೆಸರಾಂತ ಆಟಗಾರ ಅಲನ್ ಕೋಲ್ ಅವನ ಆಪ್ತ ಗೆಳೆಯ. 1976ರ ಡಿಸೆಂಬರಲ್ಲಿ ಅವನ ಮನೆಗೇ ನುಗ್ಗಿ ಗುಂಡು ಹಾರಿಸಿದರು. ಗಾಯದ ಜೊತೆಗೇ ಎರಡು ದಿನಕ್ಕೆ ವೇದಿಕೆ ಹತ್ತಿ ಹಾಡಿ, ಆಮೇಲೆ ಲಂಡನ್‌ಗೆ ಹೋದ. ಅಲ್ಲೂ ಪಾರ್ಕಿನಲ್ಲಿ ಫುಟ್‌ಬಾಲ್. 'ಎಕ್ಸೋಡಸ್' ಆಲ್ಬಮ್ ಬಂದಿದ್ದು 1977ರಲ್ಲಿ, ನಾನು ಹೇಳಿದ ಹಾಡು ಅದರಲ್ಲೇ ಇರೋದು.

ಅದೇ ವರ್ಷ ಆಡುವಾಗ ಕಾಲಿನ ಹೆಬ್ಬೆರಳಿಗೆ ಏಟು ಬಿತ್ತು. ಗಾಯ ವಾಸಿಯಾಗಲಿಲ್ಲ. ಪರೀಕ್ಷೆ ಮಾಡಿದರೆ ಮೆಲನೋಮ, ಅಂದ್ರೆ ಚರ್ಮದ ಕ್ಯಾನ್ಸರ್. ಫುಟ್‌ಬಾಲ್‌ನಿಂದ ಕ್ಯಾನ್ಸರ್ ಬಂತು ಅಂತ ತುಂಬಾ ಜನ ಬರೀತಾರೆ, ಅದು ತಪ್ಪು. ಏಟಿನಿಂದ ರೋಗ ಬರಲಿಲ್ಲ, ಉಗುರಿನಡಿ ಇದ್ದ ರೋಗ ಬೆಳಕಿಗೆ ಬಂತು. ಹೆಬ್ಬೆರಳು ತೆಗೆಸು ಅಂದ್ರು ಡಾಕ್ಟರ್. ದೇಹವನ್ನು ಕತ್ತರಿಸಬಾರದು ಅನ್ನೋದು ಅವನ ರಸ್ತಫಾರಿ ನಂಬಿಕೆ. ಒಪ್ಪಲಿಲ್ಲ. ಚಿಕ್ಕ ಆಪರೇಷನ್ ಮಾಡಿಸಿ ಬೇರೆ ಕಡೆಯ ಚರ್ಮ ಹಾಕಿಸಿಕೊಂಡ. ಇಲ್ಲಿ ನನಗೆ ಅವನ ಮೇಲೆ ನಿಜಕ್ಕೂ ಸಿಟ್ಟು ಬಂತು. ಒಂದು ಬೆರಳು ಮಾರಾಯ!

ಆದ್ರೆ ಆಮೇಲಿನ ಮೂರು ವರ್ಷ ನೋಡಿ. 1978ರ ಏಪ್ರಿಲಲ್ಲಿ ಕಿಂಗ್‌ಸ್ಟನ್‌ನ ವೇದಿಕೆಗೆ ಬದ್ಧವೈರಿಗಳಾದ ಪ್ರಧಾನಿ ಮ್ಯಾನ್ಲಿ ಮತ್ತು ವಿರೋಧ ಪಕ್ಷದ ಸಿಯಾಗ ಇಬ್ಬರನ್ನೂ ಕರೆದು ಕೈಗೆ ಕೈ ಸೇರಿಸಿದ. 1980ರಲ್ಲಿ ಬ್ರೆಜಿಲ್‌ಗೆ ಹೋಗಿ ಅಲ್ಲಿನ ಹಾಡುಗಾರರ ಜೊತೆ ಫುಟ್‌ಬಾಲ್ ಆಡಿದ, ಜಿಂಬಾಬ್ವೆಯ ಸ್ವಾತಂತ್ರ್ಯದ ಸಮಾರಂಭದಲ್ಲಿ ಹಾಡಿದ. ಸೆಪ್ಟೆಂಬರಲ್ಲಿ ನ್ಯೂಯಾರ್ಕ್‌ನ ಪಾರ್ಕಲ್ಲಿ ಓಡುವಾಗ ಕುಸಿದುಬಿದ್ದ. ರೋಗ ಮೆದುಳಿಗೆ ಹೋಗಿತ್ತು. 23ರಂದು ಪಿಟ್ಸ್‌ಬರ್ಗ್‌ನಲ್ಲಿ ಕೊನೇ ಕಛೇರಿ. 1981ರ ಮೇ 11ರಂದು ಮಯಾಮಿಯಲ್ಲಿ ತೀರಿಕೊಂಡ. 36 ವರ್ಷ.

ಇನ್ನು ಆ ಗ್ಯಾಲರಿ. 2008ರಲ್ಲಿ ವೇಲ್ಸ್‌ನ ಕಾರ್ಡಿಫ್ ತಂಡದ ಜೊತೆ ಆಯಾಕ್ಸಿಗೆ ಒಂದು ಸೌಹಾರ್ದ ಪಂದ್ಯ ಇತ್ತು. ಮುಗಿದ ಮೇಲೆ ಆಯಾಕ್ಸ್ ಅಭಿಮಾನಿಗಳನ್ನ ಸ್ವಲ್ಪ ಹೊತ್ತು ಹೊರಗೆ ಬಿಡಲಿಲ್ಲ. ಕಾಯುವಾಗ ಸ್ಟೇಡಿಯಮ್ಮಿನಲ್ಲಿ ಈ ಹಾಡು ಹಾಕಿದರು. ಎಲ್ಲರೂ ಸೇರಿ ಹಾಡಿದರು, ಹಾಡನ್ನ ಊರಿಗೂ ತಗೊಂಡು ಹೋದರು. 2021ರಲ್ಲಿ ಆಯಾಕ್ಸ್ ಇದರ ನೆನಪಿಗೆ ಕಪ್ಪು ಜರ್ಸಿ ತಂದಿತು, ಕುತ್ತಿಗೆಯ ಹಿಂದೆ ಮೂರು ಪುಟ್ಟ ಹಕ್ಕಿ. ಯೂರೋಪಿನ ಪಂದ್ಯಗಳಲ್ಲಿ ಹಕ್ಕಿ ಬೇಡ ಅಂತ ಯುಇಎಫ್‌ಎ ತೆಗೆಸಿತು. ನನಗೆ ಹಕ್ಕಿ ಇರೋದೇ ಬೇಕು. ಬೆಲೆ ನೋಡಿ ಸದ್ಯಕ್ಕೆ ಸುಮ್ಮನಿದ್ದೀನಿ.