ಬಲಕ್ಕೇ ಹೋಗುವ ಗರಿಂಚಾ

ಈಗಿನ ಫುಟ್‌ಬಾಲ್‌ನಲ್ಲಿ ಮೊದಲಿನ ಮಜಾ ಇಲ್ಲ ಅನ್ನೋ ವಾದ ನಮ್ಮ ಹಾಸ್ಟೆಲ್‌ಗಳಲ್ಲಿ ಪ್ರತಿ ಸೀಸನ್‌ಗೂ ಒಂದು ಸಲ ಬಂದೇ ಬರುತ್ತೆ. ಎಲ್ಲಾ ಟೀಮೂ ಒಂದೇ ತರ ಆಡುತ್ತೆ, ಹಿಂದಕ್ಕೆ ಪಾಸು, ಪಕ್ಕಕ್ಕೆ ಪಾಸು, ಗೋಲಾದ ಮೇಲೆ ಕುಣಿಯೋಕೂ ವಿಎಆರ್ ಅಪ್ಪಣೆ ಬೇಕು. ಡಿಫೆಂಡರ್ ಎದುರು ಒಬ್ಬನೇ ನಿಂತು ಅವನನ್ನ ಆಟ ಆಡಿಸೋ ವಿಂಗರ್ ಈಗ ಎಲ್ಲಿದ್ದಾನೆ ಅಂತ ಕೇಳುವವರು ಕೊನೆಗೆ ಯೂಟ್ಯೂಬ್ ತೆಗೆದು ಒಂದು ಕಪ್ಪು-ಬಿಳುಪು ವಿಡಿಯೋ ತೋರಿಸ್ತಾರೆ. ಅದರಲ್ಲಿ ಸೊಟ್ಟ ಕಾಲಿನ ಒಬ್ಬ ಆಟಗಾರ ಚೆಂಡನ್ನ ಕಾಲ ಹತ್ತಿರ ಇಟ್ಟುಕೊಂಡು ಸುಮ್ಮನೆ ನಿಂತಿರ್ತಾನೆ. ಎದುರಿಗಿದ್ದವನು ತಾನಾಗಿಯೇ ಬೀಳ್ತಾನೆ. ಸೊಟ್ಟ ಕಾಲಿನವನೇ ಗರಿಂಚಾ.

ಆ ವಿಡಿಯೋ ನಮಗೂ ಇಷ್ಟವೇ. ಆದರೆ ವಿಡಿಯೋ ಮುಗಿದ ಮೇಲೆ ಆ ಮನುಷ್ಯನಿಗೆ ಏನಾಯ್ತು ಅನ್ನೋದನ್ನ ಯಾರೂ ತೋರಿಸಲ್ಲ. ಹಳೇ ಫುಟ್‌ಬಾಲ್ ಎಷ್ಟು ಚೆನ್ನಾಗಿತ್ತು ಅಂತ ತೀರ್ಪು ಕೊಡೋ ಮುಂಚೆ ಅವನ ಪೂರ್ತಿ ಕತೆ ನೋಡೋದು ಒಳ್ಳೇದು.

ಅವನ ನಿಜವಾದ ಹೆಸರು ಮ್ಯಾನುಯೆಲ್ ಫ್ರಾನ್ಸಿಸ್ಕೊ ಡಾಸ್ ಸಾಂಟೋಸ್. ಹುಟ್ಟಿದ್ದು 1933ರ ಅಕ್ಟೋಬರ್ 28ರಂದು, ಬ್ರೆಜಿಲ್‌ನ ರಿಯೊ ಡಿ ಜನೈರೊ ನಗರದಿಂದ ಆಚೆ, ಪೌ ಗ್ರಾಂಡಿ ಅನ್ನೋ ಸಣ್ಣ ಊರಲ್ಲಿ. ಊರಂದ್ರೆ ಒಂದು ಬಟ್ಟೆ ಗಿರಣಿ ಮತ್ತು ಅದರ ಸುತ್ತ ಕೆಲಸಗಾರರ ಮನೆಗಳು, ಅಷ್ಟೇ. ಗರಿಂಚಾ ಅಂದ್ರೆ ಅಲ್ಲಿನ ಒಂದು ಕಂದು ಹಕ್ಕಿ, ನಮ್ಮ ಗುಬ್ಬಿಗಿಂತ ಚಿಕ್ಕದು. ಹುಡುಗ ಅಷ್ಟು ಸಣ್ಣಕ್ಕಿದ್ದ ಅಂತ ಅಕ್ಕ ಇಟ್ಟ ಅಡ್ಡಹೆಸರು ಅದು. ಹುಟ್ಟಿನಿಂದಲೇ ಬೆನ್ನುಮೂಳೆ ಸರಿಯಿರಲಿಲ್ಲ. ಎರಡೂ ಕಾಲು ಒಂದೇ ದಿಕ್ಕಿಗೆ ಬಾಗಿದ್ದವು, ಬಿರುಗಾಳಿಗೆ ವಾಲಿದ ಎರಡು ಅಡಿಕೆ ಮರದ ಹಾಗೆ. ಸಾಲದ್ದಕ್ಕೆ ಒಂದು ಕಾಲು ಇನ್ನೊಂದಕ್ಕಿಂತ ಸುಮಾರು 6 ಸೆಂಟಿಮೀಟರ್ ಗಿಡ್ಡ. ಈಗಿನ ಯಾವ ಅಕಾಡೆಮಿಯ ಗೇಟಿನ ಮುಂದೆ ಈ ಹುಡುಗ ನಿಂತಿದ್ರೂ ಫಿಸಿಯೋ ಒಂದೇ ನೋಟದಲ್ಲಿ ವಾಪಸ್ ಕಳಿಸ್ತಿದ್ದ ಅಂತ ನಮ್ಮ ಅಂದಾಜು.

14ನೇ ವಯಸ್ಸಿಗೆ ಗಿರಣಿಗೆ ಸೇರಿದ. ಕೆಲಸದಲ್ಲಿ ಶುದ್ಧ ಸೋಮಾರಿ. ಆದರೂ ಕೆಲಸ ಉಳೀತು, ಯಾಕಂದ್ರೆ ಗಿರಣಿಗೆ ಒಂದು ಫುಟ್‌ಬಾಲ್ ಟೀಮ್ ಇತ್ತು, ಇವನಿಲ್ಲದೆ ಅದು ಗೆಲ್ತಿರಲಿಲ್ಲ. ದೊಡ್ಡ ಕ್ಲಬ್‌ಗಳ ಬಗ್ಗೆ ಅವನಿಗೆ ಆಸೆಯೇ ಇದ್ದ ಹಾಗಿಲ್ಲ. ವಾಸ್ಕೊ ಡ ಗಾಮಾ ಕ್ಲಬ್‌ನ ಸೆಲೆಕ್ಷನ್‌ಗೆ ಬೂಟೇ ಇಲ್ಲದೆ ಹೋದ. ಫ್ಲುಮಿನೆನ್ಸ್‌ನಲ್ಲಿ ಸರದಿ ಬರೋ ಮುಂಚೆಯೇ ಊರಿನ ರೈಲು ತಪ್ಪುತ್ತೆ ಅಂತ ಎದ್ದು ಬಂದ. ಕೊನೆಗೆ 1953ರಲ್ಲಿ ಬೊಟಾಫೋಗೊ ಕ್ಲಬ್‌ನವರು ಕರೆಸಿದಾಗ ಎದುರಿಗೆ ನಿಲ್ಲಿಸಿದ್ದು ಬ್ರೆಜಿಲ್ ತಂಡದ ಲೆಫ್ಟ್ ಬ್ಯಾಕ್ ನಿಲ್ಟನ್ ಸಾಂಟೋಸ್‌ನನ್ನ. ಗಿರಣಿ ಹುಡುಗ ಅವನನ್ನ ಮತ್ತೆ ಮತ್ತೆ ದಾಟಿದ. ಒಂದು ಸಲ ಅವನ ಕಾಲ ಸಂದಿಯಲ್ಲೇ ಚೆಂಡು ತೂರಿಸಿದ. ನಿಲ್ಟನ್ ದೊಡ್ಡ ಮನುಷ್ಯ, ಅವಮಾನ ಅಂದುಕೊಳ್ಳಲಿಲ್ಲ. ಇವನನ್ನ ಕೂಡಲೇ ಸೇರಿಸಿಕೊಳ್ಳಿ, ಬೇರೆ ಟೀಮಲ್ಲಿ ಇವನ ಎದುರು ಆಡೋ ಪಾಡು ನನಗೆ ಬೇಡ ಅನ್ನೋದು ಅವನ ಶಿಫಾರಸಿನ ಸಾರಾಂಶ. ಮೊದಲ ಅಧಿಕೃತ ಪಂದ್ಯದಲ್ಲೇ 3 ಗೋಲು ಬಂತು. ವಯಸ್ಸು 19, ಅಂದ್ರೆ ನಮ್ಮದೇ ವಯಸ್ಸು.

ಇನ್ನು ಅವನ ಆಟ. ಗರಿಂಚಾನ ಹತ್ತಿರ ಹೆಚ್ಚುಕಡಿಮೆ ಒಂದೇ ಟ್ರಿಕ್ ಇತ್ತು, ಅದು ಎಲ್ಲರಿಗೂ ಗೊತ್ತಿತ್ತು. ಬಲಗಡೆ ಗೆರೆಯ ಹತ್ತಿರ ಚೆಂಡು ತಗೊಂಡು ನಿಲ್ತಾನೆ. ಎಡಕ್ಕೆ ಹೋಗೋ ತರ ಮೈ ವಾಲಿಸ್ತಾನೆ. ಆಮೇಲೆ ಬಲಕ್ಕೆ ಹೋಗ್ತಾನೆ. ಬಲಕ್ಕೇ ಹೋಗೋದು ಅಂತ ಡಿಫೆಂಡರ್‌ಗೂ ಗೊತ್ತು, ಗ್ಯಾಲರಿಯಲ್ಲಿ ಕೂತಿರೋ ಮಗುವಿಗೂ ಗೊತ್ತು. ಯಾವಾಗ ಅನ್ನೋದು ಮಾತ್ರ ಯಾರಿಗೂ ಗೊತ್ತಿಲ್ಲ. ಕಬಡ್ಡಿ ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತೆ. ಒಳ್ಳೇ ರೈಡರ್ ಓಡಾಡಿ ಸುಸ್ತಾಗಲ್ಲ, ನಿಂತಲ್ಲೇ ಮೈ ಅಲ್ಲಾಡಿಸಿ ಎದುರಿನವನ ತೂಕ ತಪ್ಪಿಸ್ತಾನೆ. ಮೆಕ್ಯಾನಿಕ್ಸ್ ಓದಿರೋ ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಡಿಫೆಂಡರ್‌ನ ಸೆಂಟರ್ ಆಫ್ ಗ್ರ್ಯಾವಿಟಿ ಒಂದು ಪಾದದ ಮೇಲೆ ಬಿದ್ದ ಕ್ಷಣದಲ್ಲೇ ಇವನು ಹೊರಟುಬಿಡ್ತಾನೆ. ಸೊಟ್ಟ ಕಾಲಿನಿಂದ ಅವನ ಮೈ ಯಾವ ಕಡೆ ತಿರುಗುತ್ತೆ ಅಂತ ಊಹಿಸೋದು ಇನ್ನೂ ಕಷ್ಟ.

ಮುಖ್ಯ ವಿಷಯ ಬೇರೆ ಇದೆ. ದಾಟಿದ ಮೇಲೂ ಅವನು ನಿಲ್ತಿದ್ದ! ಬಿದ್ದವನು ಎದ್ದು ಬರಲಿ ಅಂತ ಕಾದು ಇನ್ನೊಂದು ಸಲ ದಾಟ್ತಿದ್ದ. ಮೆಕ್ಸಿಕೋದಲ್ಲಿ ಅರ್ಜೆಂಟೀನಾದ ರಿವರ್ ಪ್ಲೇಟ್ ವಿರುದ್ಧ ಒಂದು ಪಂದ್ಯದಲ್ಲಿ ಪಾಪದ ವೈರೊ ಅನ್ನೋ ಡಿಫೆಂಡರ್‌ನನ್ನ ಅವನು ದಾಟಿದಾಗಲೆಲ್ಲ ಜನ ಗೂಳಿ ಕಾಳಗದಲ್ಲಿ ಕೂಗುವ ಹಾಗೆ ಓಲೇ ಅಂತ ಕೂಗಿದರು. ಫುಟ್‌ಬಾಲ್ ಮೈದಾನಕ್ಕೆ ಆ ಕೂಗು ಬಂದದ್ದು ಅಲ್ಲಿಂದಲೇ ಅನ್ನೋ ಕತೆ ಇದೆ. 1958ರ ವಿಶ್ವಕಪ್‌ಗೆ ಮುಂಚೆ ಇಟಲಿಯ ಫಿಯೊರೆಂಟಿನಾ ಜತೆ ಒಂದು ಫ್ರೆಂಡ್ಲಿ ಪಂದ್ಯ ಇತ್ತು. ಅದರಲ್ಲಿ ಡಿಫೆಂಡರ್‌ಗಳನ್ನ ದಾಟಿ, ಗೋಲ್‌ಕೀಪರ್‌ನನ್ನೂ ದಾಟಿ, ಖಾಲಿ ಗೋಲ್ ಎದುರು ನಿಂತು, ಒಬ್ಬ ಡಿಫೆಂಡರ್ ಓಡಿ ಬರುವ ತನಕ ಕಾದು, ಅವನನ್ನೂ ತಪ್ಪಿಸಿ ಆಮೇಲೆ ಚೆಂಡನ್ನ ಒಳಗೆ ನಡೆಸಿಕೊಂಡು ಹೋದ. ಗೋಲಾಯ್ತು, ಆದರೆ ಸ್ವಂತ ಟೀಮಿನವರಿಗೇ ಸಿಟ್ಟು ಬಂತು. ವಿಶ್ವಕಪ್‌ನಲ್ಲಿ ಇವನು ಹೀಗೆ ಆಡಿದ್ರೆ ಗತಿ ಏನು? ಅದೇ ಹೊತ್ತಿಗೆ ತಂಡದ ಮನಃಶಾಸ್ತ್ರಜ್ಞ ಒಂದು ಟೆಸ್ಟ್ ಮಾಡಿ ಗರಿಂಚಾ ದೊಡ್ಡ ಪಂದ್ಯಕ್ಕೆ ಲಾಯಕ್ಕಿಲ್ಲ ಅಂತ ವರದಿ ಕೊಟ್ಟ. 17 ವರ್ಷದ ಪೆಲೆಯ ಬಗ್ಗೆಯೂ ಅದೇ ವರದಿ. ಡೇಟಾ ನಂಬಿ ಟೀಮ್ ಕಟ್ಟೋದು ಇವತ್ತಿನ ಚಾಳಿ ಅಂದುಕೊಂಡವರು ಇದನ್ನ ಗಮನಿಸಬೇಕು.

ಮೊದಲ ಎರಡು ಪಂದ್ಯದಲ್ಲಿ ಇಬ್ಬರನ್ನೂ ಆಡಿಸಲಿಲ್ಲ. ಇಂಗ್ಲೆಂಡ್ ಜತೆ 0-0 ಆದ ಮೇಲೆ ಕೋಚ್ ಫಿಯೋಲಾ ವರದಿಯನ್ನ ಪಕ್ಕಕ್ಕಿಟ್ಟ. ಜೂನ್ 15, ಸ್ವೀಡನ್‌ನ ಗೋಥೆನ್‌ಬರ್ಗ್, ಎದುರಾಳಿ ಸೋವಿಯತ್ ಒಕ್ಕೂಟ. ವೈಜ್ಞಾನಿಕ ತರಬೇತಿಗೆ ಹೆಸರಾದ ತಂಡ ಅದು. ಮೊದಲ ನಿಮಿಷದಲ್ಲೇ ಗರಿಂಚಾ ಕುಜ್ನೆಟ್ಸೋವ್‌ನನ್ನ ಬೀಳಿಸಿ ಹೊಡೆದ ಚೆಂಡು ಕಂಬಕ್ಕೆ ಬಡೀತು. ಪೆಲೆ ಹೊಡೆದದ್ದೂ ಕಂಬಕ್ಕೆ. ಮೂರನೇ ನಿಮಿಷದಲ್ಲಿ ವಾವಾ ಗೋಲು ಹೊಡೆದ. ಫೈನಲ್‌ನಲ್ಲಿ ಸ್ವೀಡನ್ ಮೊದಲು ಗೋಲು ಹಾಕಿದಾಗ ಬಲಗಡೆಯಿಂದ ಗರಿಂಚಾ ಎರಡು ಸಲ ಅದೇ ದಾರಿಯಲ್ಲಿ ಹೋಗಿ ಎರಡು ಕ್ರಾಸ್ ಕೊಟ್ಟ, ವಾವಾ ಎರಡನ್ನೂ ಗೋಲು ಮಾಡಿದ. ಕೊನೆಗೆ 5-2.

1962ರ ಚಿಲಿ ವಿಶ್ವಕಪ್ ಪೂರ್ತಿ ಅವನದೇ. ಎರಡನೇ ಪಂದ್ಯದಲ್ಲೇ ಪೆಲೆಗೆ ಗಾಯವಾಯ್ತು. ಆಗ ಸಬ್‌ಸ್ಟಿಟ್ಯೂಟ್ ಇಳಿಸೋ ನಿಯಮವೇ ಇರಲಿಲ್ಲ, ವಿಶ್ವಕಪ್‌ಗೆ ಅದು ಬಂದದ್ದು 1970ರಲ್ಲಿ. ಹಾಗಾಗಿ ಪೆಲೆ ಉಳಿದ ಹೊತ್ತೆಲ್ಲ ಕುಂಟುತ್ತಲೇ ಮೈದಾನದಲ್ಲಿದ್ದ. ಮುಂದಿನ ಭಾರ ಗರಿಂಚಾನ ಮೇಲೆ ಬಿತ್ತು. ಕ್ವಾರ್ಟರ್ ಫೈನಲ್‌ನಲ್ಲಿ ಇಂಗ್ಲೆಂಡ್ ಮೇಲೆ 2 ಗೋಲು, ಸೆಮಿಫೈನಲ್‌ನಲ್ಲಿ ಆತಿಥೇಯ ಚಿಲಿಯ ಮೇಲೆ 2 ಗೋಲು. ಚಿಲಿ ಮೇಲೆ ಹೊಡೆದದ್ದು ಒಂದು ಎಡಗಾಲಲ್ಲಿ, ಇನ್ನೊಂದು ತಲೆಯಲ್ಲಿ. ಬಲಕ್ಕೆ ಮಾತ್ರ ಹೋಗ್ತಾನೆ ಅಂತ ಲೆಕ್ಕ ಹಾಕಿಕೊಂಡು ಬಂದವರಿಗೆ ಅದು ಉತ್ತರ! ಇಂಗ್ಲೆಂಡ್ ಪಂದ್ಯದ ಮಧ್ಯೆ ಮೈದಾನಕ್ಕೆ ನುಗ್ಗಿದ ನಾಯಿಯೊಂದನ್ನ ಆಮೇಲೆ ಬ್ರೆಜಿಲ್ ಆಟಗಾರರು ಚೀಟಿ ಎತ್ತಿದಾಗ ಅದೂ ಇವನ ಪಾಲಿಗೇ ಬಂತು, ಮನೆಗೆ ತಗೊಂಡು ಹೋದ. ಸೆಮಿಫೈನಲ್ ಉದ್ದಕ್ಕೂ ಒದೆ ತಿಂದು ತಿಂದು ಕೊನೆಗೆ ಒಬ್ಬನಿಗೆ ತಿರುಗಿ ಒದ್ದು ಹೊರಹಾಕಿಸಿಕೊಂಡ. ಆದರೆ ವಿಚಾರಣೆಯ ದಿನ ಮುಖ್ಯ ಸಾಕ್ಷಿಯಾದ ಲೈನ್ಸ್‌ಮನ್ ಹಾಜರಿರಲೇ ಇಲ್ಲ. ಶಿಕ್ಷೆ ಆಗಲಿಲ್ಲ, ಗರಿಂಚಾ ಜ್ವರದಲ್ಲೇ ಫೈನಲ್ ಆಡಿದ, ಬ್ರೆಜಿಲ್ ಚೆಕೊಸ್ಲೊವಾಕಿಯಾವನ್ನ 3-1ರಿಂದ ಸೋಲಿಸಿತು. ಹಳೇ ಕಾಲದಲ್ಲಿ ಎಲ್ಲ ಸಾಚಾ ಇತ್ತು ಅನ್ನುವವರಿಗೆ ಈ ಪ್ರಕರಣವನ್ನೂ ನೆನಪಿಸಬೇಕು.

ವಿಡಿಯೋ ಮುಗಿಯೋದು ಇಲ್ಲಿಗೆ.

ಬಾಗಿದ ಕಾಲಿನ ಮೇಲೆ ಹಾಗೆ ತಿರುಗಿ ತಿರುಗಿ ಓಡಿದರೆ ಮಂಡಿಯ ಗತಿ ಏನಾಗುತ್ತೆ ಅಂತ ಊಹಿಸೋಕೆ ನಾವು ಡಾಕ್ಟರ್ ಆಗಬೇಕಿಲ್ಲ. ಕಾರ್ಟಿಲೇಜ್ ಸವೆದಿತ್ತು. ಬೊಟಾಫೋಗೊ ಆಗ ದೇಶ ದೇಶ ಸುತ್ತಿ ಫ್ರೆಂಡ್ಲಿ ಆಡಿ ದುಡ್ಡು ಮಾಡ್ತಿತ್ತು. ಟಿಕೆಟ್ ಮಾರಾಟ ಆಗಬೇಕಾದ್ರೆ ಗರಿಂಚಾ ಬೇಕು. ಮಂಡಿಗೆ ಇಂಜೆಕ್ಷನ್ ಕೊಟ್ಟು ಕೊಟ್ಟು ಆಡಿಸಿದರು. ಅವನೂ ಬೇಡ ಅನ್ನಲಿಲ್ಲ. ಆಪರೇಷನ್ ಆಗಿದ್ದು 1964ರಲ್ಲಿ, ಅಷ್ಟರಲ್ಲಿ ತಡವಾಗಿತ್ತು. ಸಂಬಳದ ಕತೆ ಇನ್ನೂ ಕೆಟ್ಟದ್ದು. ಮೊತ್ತ ಬರೆಯದ ಖಾಲಿ ಕಾಂಟ್ರಾಕ್ಟ್‌ಗೆ ಅವನು ಸಹಿ ಹಾಕಿ ಕೊಡ್ತಿದ್ದ, ಕ್ಲಬ್‌ನವರು ಆಮೇಲೆ ತಮಗೆ ಬೇಕಾದ್ದು ತುಂಬಿಕೊಳ್ತಿದ್ದರು. ಬ್ರೆಜಿಲ್‌ನಲ್ಲಿ ಆಗ ಪಾಸಿ ಅನ್ನೋ ಪದ್ಧತಿ ಇತ್ತು. ಕಾಂಟ್ರಾಕ್ಟ್ ಮುಗಿದರೂ ಆಟಗಾರನ ಹಕ್ಕು ಕ್ಲಬ್ ಹತ್ತಿರವೇ ಇರ್ತಿತ್ತು. ಎರಡು ವಿಶ್ವಕಪ್ ಗೆದ್ದವನಿಗೂ ತನಗೆ ಬೇಕಾದ ಕಡೆ ಹೋಗೋ ಸ್ವಾತಂತ್ರ್ಯ ಇರಲಿಲ್ಲ. ಮಂಡಿ ಹೋದ ಮೇಲೆ, 1966ರಲ್ಲಿ, ಬೊಟಾಫೋಗೊ ಅವನನ್ನ ಕೊರಿಂಥಿಯನ್ಸ್‌ಗೆ ಮಾರಿತು. ಅದೇ ವರ್ಷ ಇಂಗ್ಲೆಂಡ್ ವಿಶ್ವಕಪ್‌ನಲ್ಲಿ ಬಲ್ಗೇರಿಯಾ ಮೇಲೆ ಒಂದು ಫ್ರೀ ಕಿಕ್ ಗೋಲು, ಆಮೇಲೆ ಹಂಗೆರಿ ಎದುರು 3-1ರ ಸೋಲು. ಅದೇ ಕೊನೆ. ಅವನು ಆಡಿದ 50 ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಬ್ರೆಜಿಲ್ ಸೋತಿದ್ದು ಆ ಒಂದರಲ್ಲಿ ಮಾತ್ರ.

ನಮ್ಮ ಪ್ರಶ್ನೆಗೆ ಇಲ್ಲಿ ಗಂಟು ಬೀಳುತ್ತೆ. ಈಗಿನ ಕೋಚ್ ಗರಿಂಚಾನನ್ನ ಆಡಿಸ್ತಾನಾ? ವಿಂಗರ್ ಎರಡು ಸೆಕೆಂಡ್ ನಿಂತರೆ ಎದುರಿನ ಟೀಮ್ ಪೂರ್ತಿ ಜಾಗಕ್ಕೆ ಬಂದು ನಿಲ್ಲುತ್ತೆ, ಚೆಂಡು ಕಳಕೊಂಡರೆ ಕೌಂಟರ್ ಅಟ್ಯಾಕ್. ದಾಟಿದವನನ್ನ ಮತ್ತೆ ದಾಟೋದಕ್ಕೆ ಎಕ್ಸ್‌ಜಿ ಲೆಕ್ಕದಲ್ಲಿ ಸೊನ್ನೆ ಮಾರ್ಕ್. ನಾವು ಲ್ಯಾಬ್‌ನಲ್ಲಿ ಮಾಡೋ ಹಾಗೆ ವ್ಯರ್ಥವಾಗೋದನ್ನೆಲ್ಲ ತೆಗೆದು ತೆಗೆದು ಆಟವನ್ನ ಆಪ್ಟಿಮೈಸ್ ಮಾಡಿದ್ದಾರೆ. ಆ ವ್ಯರ್ಥದಲ್ಲೇ ಜನ ನಗ್ತಾ ಇದ್ದದ್ದು. ಹಾಗಾಗಿ ಮಜಾ ಕಮ್ಮಿಯಾಗಿದೆ ಅನ್ನುವವರ ಮಾತು ಸುಳ್ಳಲ್ಲ ಅಂತಲೇ ನಮ್ಮ ಅಭಿಪ್ರಾಯ.

ಆದರೆ ಅದೇ ಅಳತೆ-ಲೆಕ್ಕದ ಫುಟ್‌ಬಾಲ್‌ನಲ್ಲಿ ಜಿಪಿಎಸ್ ಬನಿಯನ್ ಹಾಕಿಸಿ ಓಟ ಅಳೆಯೋರು ಇರ್ತಾರೆ, ಮಂಡಿಯ ಎಂಆರ್‌ಐ ನೋಡೋರು ಇರ್ತಾರೆ, ಕಾಂಟ್ರಾಕ್ಟ್ ಓದೋಕೆ ವಕೀಲರು ಇರ್ತಾರೆ. ಯುರೋಪಿನಲ್ಲಿ 1995ರ ಬೋಸ್ಮನ್ ತೀರ್ಪು ಕಾಂಟ್ರಾಕ್ಟ್ ಮುಗಿದ ಆಟಗಾರನನ್ನ ಬಿಡುಗಡೆ ಮಾಡಿತು. ಬ್ರೆಜಿಲ್‌ನಲ್ಲಿ ಪಾಸಿ ಪದ್ಧತಿಯನ್ನ ತೆಗೆದ ಕಾಯ್ದೆ ಬಂದದ್ದು 1998ರಲ್ಲಿ. ಅದನ್ನ ಜನ ಕರೆಯೋದು ಪೆಲೆ ಕಾಯ್ದೆ ಅಂತ, ಯಾಕಂದ್ರೆ ಅದರ ಹಿಂದೆ ಇದ್ದದ್ದು ಕ್ರೀಡಾ ಸಚಿವನಾಗಿದ್ದ ಪೆಲೆ. ಪಕ್ಕದಲ್ಲಿ ಆಡಿದ ಗೆಳೆಯನಿಗೆ ಮಾತ್ರ ಅದು ಸಿಗಲಿಲ್ಲ. ಯಾರೂ ಅಳೆಯದೆ ಇದ್ದದ್ದರಿಂದ ಗರಿಂಚಾ ತನ್ನಿಷ್ಟದಂತೆ ಆಡಿದ, ಯಾರೂ ಅಳೆಯದೆ ಇದ್ದದ್ದರಿಂದಲೇ ಹಾಳೂ ಆದ. ಎರಡನ್ನೂ ಬೇರೆ ಬೇರೆ ಮಾಡೋಕಾಗುತ್ತಾ? ನಮ್ಮಲ್ಲೇ ಒಮ್ಮತ ಇಲ್ಲ.

ತಪ್ಪೆಲ್ಲ ಕ್ಲಬ್‌ನದು ಅಂತಲೂ ಹೇಳೋಕಾಗಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತಾರಲ್ಲ, ಅವನು ಅದಕ್ಕೆ ತಕ್ಕ ಉದಾಹರಣೆ. ಅಪ್ಪನಿಂದಲೇ ಬಂದ ಕುಡಿತ. ಗಿರಣಿಯಲ್ಲಿ ಸಿಕ್ಕ ಹೆಂಡತಿ ನಾಯಿರ್ ಮತ್ತು ಹೆಣ್ಣುಮಕ್ಕಳನ್ನ ಬಿಟ್ಟು ಗಾಯಕಿ ಎಲ್ಜಾ ಸೋರೆಸ್ ಜತೆ ಹೋದ. ಊರಿಗೆ ಊರೇ ಬೈದದ್ದು ಎಲ್ಜಾಳನ್ನ, ಇವನನ್ನಲ್ಲ. 1969ರಲ್ಲಿ ಇವನು ಓಡಿಸುತ್ತಿದ್ದ ಕಾರು ಅಪಘಾತವಾಗಿ ಅವಳ ತಾಯಿ ಸತ್ತರು. ವರ್ಷಗಟ್ಟಲೆ ಅವಳ ದುಡಿಮೆಯಲ್ಲಿ ಮನೆ ನಡೀತು, ಅವಳ ಮೇಲೇ ಕೈ ಮಾಡಿದ, ಕೊನೆಗೆ 1977ರಲ್ಲಿ ಅವಳು ದೂರವಾದಳು. ವಿಡಿಯೋ ಕೆಳಗೆ ಹೃದಯದ ಇಮೋಜಿ ಹಾಕೋ ಮುಂಚೆ ಇದೂ ಗೊತ್ತಿರಲಿ.

1973ರ ಡಿಸೆಂಬರ್‌ನಲ್ಲಿ ಅವನ ಸಹಾಯಾರ್ಥ ಮರಕಾನಾದಲ್ಲಿ ಬೀಳ್ಕೊಡುಗೆ ಪಂದ್ಯ ನಡೆದಾಗ 1 ಲಕ್ಷಕ್ಕೂ ಹೆಚ್ಚು ಜನ ಬಂದಿದ್ದರು. ಆ ದುಡ್ಡೂ ನಿಲ್ಲಲಿಲ್ಲ. 1980ರ ಕಾರ್ನಿವಲ್‌ನಲ್ಲಿ ಮಂಗೇರಾ ಸಾಂಬಾ ತಂಡದವರು ಗೌರವ ಅಂತ ಅವನನ್ನ ಅಲಂಕರಿಸಿದ ರಥದ ಮೇಲೆ ಕೂರಿಸಿದರು. ಸುತ್ತ ಎಲ್ಲರೂ ಕುಣೀತಿದ್ದರು. ಔಷಧಿ, ಹೆಂಡ ಎರಡರ ಮಂಪರಲ್ಲಿ ಇವನು ತಲೆ ತಗ್ಗಿಸಿ ಕೂತಿದ್ದ, ದೇಶ ಟೀವಿಯಲ್ಲಿ ನೋಡ್ತಿತ್ತು. ಅದೂ ಯೂಟ್ಯೂಬ್‌ನಲ್ಲಿ ಹುಡುಕಿದ್ರೆ ಸಿಗುತ್ತೆ, ಆದರೆ ಅದನ್ನ ಯಾರೂ ಶೇರ್ ಮಾಡಲ್ಲ.

ಸತ್ತದ್ದು 1983ರ ಜನವರಿ 20ರಂದು, 49ನೇ ವಯಸ್ಸಲ್ಲಿ. ಸರಿಯಾಗಿ 39 ವರ್ಷದ ಮೇಲೆ, 2022ರ ಅದೇ ಜನವರಿ 20ರಂದು ಎಲ್ಜಾ ಕೂಡ ತೀರಿಕೊಂಡಳು. ಗರಿಂಚಾನ ದೇಹವನ್ನ ಮರಕಾನಾದಲ್ಲಿ ಇಟ್ಟಿದ್ದರು, ನೋಡೋಕೆ ಜನಸಾಗರ. ಅಲ್ಲಿಂದ ಪೌ ಗ್ರಾಂಡಿಯ ತನಕ ರಸ್ತೆಯ ಎರಡೂ ಬದಿಯಲ್ಲಿ ಜನ ನಿಂತಿದ್ದರು. ಜನರ ಸಂತೋಷ ಅನ್ನೋದು ಅವನಿಗೆ ಬ್ರೆಜಿಲ್ ಕೊಟ್ಟ ಬಿರುದು, ಸಮಾಧಿಯ ಮೇಲೂ ಅದನ್ನೇ ಕೆತ್ತಿದರು. ರಾಜಧಾನಿ ಬ್ರೆಸಿಲಿಯಾದ ಸ್ಟೇಡಿಯಂಗೂ ಅವನದೇ ಹೆಸರು, 2014ರ ವಿಶ್ವಕಪ್‌ಗೆ ಕೋಟಿ ಕೋಟಿ ಸುರಿದು ಅದನ್ನ ಹೊಸದಾಗಿ ಕಟ್ಟಿದರು. ಮೂರು ವರ್ಷದ ಮೇಲೆ, 2017ರಲ್ಲಿ, ಊರಿನ ಸ್ಮಶಾನದಿಂದ ಒಂದು ಸುದ್ದಿ ಬಂತು: ಹಿಂದೆ ಯಾವಾಗಲೋ ಸಮಾಧಿ ಅಗೆದು ಮೂಳೆಗಳನ್ನ ಬೇರೆ ಕಡೆ ಇಟ್ಟಿರಬಹುದು, ಈಗ ಅವು ಎಲ್ಲಿವೆ ಅಂತ ಖಚಿತವಾಗಿ ಹೇಳೋಕಾಗಲ್ಲ.